ಬೀಸುವುದು ಒಂದು ರಾತ್ರಿ, ಕತ್ತಲೆ ಎರಡು ವಾರ: ನೋವಾ ಸ್ಕೋಷಿಯಾದಲ್ಲಿ ಹರಿಕೇನ್‌ಗೆ ತಯಾರಾಗುವುದು ಹೇಗೆ?

ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಎಂದರೆ ಫ್ಲಾರಿಡಾ, ಕ್ಯೂಬಾ ಕಡೆಯ ಕಾಟ, ಕೆನಡಾದ ಚಳಿಗೆ ಅದೆಲ್ಲಿ ಬರುತ್ತದೆ ಎಂದು ನೋವಾ ಸ್ಕೋಷಿಯಾ ಪ್ರಾಂತ್ಯದ ರಾಜಧಾನಿ ಹ್ಯಾಲಿಫ್ಯಾಕ್ಸ್‌ಗೆ ಹೊಸದಾಗಿ ಬಂದವರಲ್ಲಿ ಬಹಳ ಮಂದಿ ಅಂದುಕೊಂಡಿರುತ್ತಾರೆ. ಬರುತ್ತದೆ. 2003ರ ಸೆಪ್ಟೆಂಬರ್ 29ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಹ್ವಾನ್ ಎಂಬ ಹರಿಕೇನ್ ಈ ಊರಿನ ಪಕ್ಕದಲ್ಲೇ ದಡ ಮುಟ್ಟಿತು. ಪಾಯಿಂಟ್ ಪ್ಲೆಸೆಂಟ್ ಪಾರ್ಕಿನ ಸುಮಾರು ಮುಕ್ಕಾಲು ಪಾಲು ಮರಗಳು ಹಾಳಾದವು. 2019ರ ಸೆಪ್ಟೆಂಬರ್ 7ರಂದು ಡೋರಿಯನ್ ಬಂದು, ಊರ ನಡುವೆ ನಿಂತಿದ್ದ ದೊಡ್ಡ ಕ್ರೇನನ್ನು ಮಡಚಿ ಕಟ್ಟಡದ ಮೇಲೆ ಹಾಕಿತು. 2022ರ ಸೆಪ್ಟೆಂಬರ್ 24ರಂದು ಬಂದದ್ದು ಫಿಯೋನಾ. ನೋವಾ ಸ್ಕೋಷಿಯಾ ಒಂದರಲ್ಲೇ 4 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಪಕ್ಕದ ದ್ವೀಪವಾದ ನ್ಯೂಫೌಂಡ್‌ಲ್ಯಾಂಡಿನ ಪೋರ್ಟ್ ಓ ಬಾಸ್ಕ್ ಊರಿನಲ್ಲಿ ಸಮುದ್ರ ಮನೆಗಳನ್ನೇ ಎಳೆದುಕೊಂಡು ಹೋಯಿತು.

ಗಾಳಿಯ ಆರ್ಭಟ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲಿನ ದಿನಗಳೇ ಕಷ್ಟ. ಫಿಯೋನಾ ಹೋದ ಮೇಲೆ ಎರಡು ವಾರ ಕಳೆದರೂ ಕೆಲವರ ಮನೆಗೆ ಕರೆಂಟ್ ಬಂದಿರಲಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೇ: ಬಿರುಗಾಳಿಯ ಆ ಒಂದು ರಾತ್ರಿಗಿಂತ, ಅದರ ನಂತರದ ವಾರಕ್ಕೆ ಹೆಚ್ಚು ತಯಾರಾಗಿ.

ಉತ್ತರಕ್ಕೆ ಬರುವ ಗಾಳಿ ಬೇರೆ ಥರ

ಮಂಗಳೂರು, ಉಡುಪಿ ಕಡೆಯವರು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನೋಡಿದ್ದಾರೆ. ಅದು ನಮ್ಮ ಕರಾವಳಿಯ ಉದ್ದಕ್ಕೂ ಸಮುದ್ರದಲ್ಲೇ ಸಾಗಿ ಗುಜರಾತಿಗೆ ಹೋಯಿತು. ಆಗಲೂ ಕರೆಂಟ್ ಹೋಗಿತ್ತು. ಆದರೆ ಅಲ್ಲಿನ ಬಹಳಷ್ಟು ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತದೆ, ಅಂಗಳದ ಬಾವಿಗೆ ಹಗ್ಗ ಕೊಡ ಇರುತ್ತದೆ. ಇಲ್ಲಿ ಒಲೆ ಹೆಚ್ಚಾಗಿ ಕರೆಂಟಿನದು. ಮನೆ ಬೆಚ್ಚಗಿಡುವ ಹೀಟ್ ಪಂಪ್ ಕರೆಂಟಿನದು. ಊರಾಚೆ ಮನೆ ಮಾಡಿದ್ದರೆ ನೀರು ಕೊಳವೆ ಬಾವಿಯದು, ಅದರ ಪಂಪಿಗೂ ಕರೆಂಟ್ ಬೇಕು. ಲೈನ್ ಹೋದ ಕ್ಷಣವೇ ಅಡುಗೆ, ಬಿಸಿ, ನೀರು ಮೂರೂ ನಿಂತುಬಿಡುತ್ತವೆ.

ಇನ್ನೊಂದು ವಿಷಯ ವೇಗ. ಕೆರಿಬಿಯನ್ ಕಡೆ ನಿಧಾನಕ್ಕೆ ತೆವಳುವ ಹರಿಕೇನ್, ಉತ್ತರಕ್ಕೆ ಬಂದಂತೆ ಆಕಾಶದ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಸಿಕ್ಕಿ ಓಡತೊಡಗುತ್ತದೆ. ಸುದ್ದಿಯಲ್ಲಿ ಇನ್ನೂ ಬರ್ಮುಡಾ ಹತ್ತಿರ ಇದೆ ಅಂತ ಇರುತ್ತದೆ, ಮರುದಿನ ಮನೆ ಬಾಗಿಲಲ್ಲಿರುತ್ತದೆ. ತಣ್ಣನೆಯ ನೀರಿನ ಮೇಲೆ ಬಂದಾಗ ಅದು ಬಲ ಕಳೆದುಕೊಳ್ಳಬೇಕು. ಆದರೆ ಹ್ವಾನ್ ಬಂದ ವರ್ಷ ಇಲ್ಲಿನ ಸಮುದ್ರವೇ ಎಂದಿಗಿಂತ ಬೆಚ್ಚಗಿತ್ತು. ಅದಕ್ಕೇ ಅದು ಸೊರಗುವ ಮೊದಲೇ ನೆಲ ಮುಟ್ಟಿತು.

ಇಲ್ಲಿಗೆ ಬರುವ ಹೊತ್ತಿಗೆ ಹವಾಮಾನದವರು ಅದನ್ನು ಹರಿಕೇನ್ ಎನ್ನುವುದನ್ನು ಬಿಟ್ಟು 'ಪೋಸ್ಟ್-ಟ್ರಾಪಿಕಲ್ ಸ್ಟಾರ್ಮ್' ಎನ್ನುವುದುಂಟು. ಇದನ್ನು ಕೇಳಿ ನಿರಾಳವಾಗಬೇಡಿ. ಫಿಯೋನಾ ದಡ ಮುಟ್ಟಿದಾಗಲೂ ಹಾಗೇ ಕರೆದಿದ್ದರು. ಒಳಗಿನ ರಚನೆ ಬದಲಾಗಿರುತ್ತದೆ ಅಷ್ಟೇ, ಗಾಳಿಯ ಹರವು ಇನ್ನೂ ಅಗಲವಾಗಿರುತ್ತದೆ. ಮೇಲಾಗಿ ಸೆಪ್ಟೆಂಬರ್‌ನಲ್ಲಿ ಮರಗಳ ಎಲೆ ಉದುರಿರುವುದಿಲ್ಲ. ಎಲೆ ತುಂಬಿದ ಮರ ಗಾಳಿಯನ್ನು ಪೂರ್ತಿ ಹಿಡಿಯುತ್ತದೆ. ಇಲ್ಲಿ ಬಂಡೆಯ ಮೇಲೆ ತೆಳುವಾದ ಮಣ್ಣು, ಬೇರು ಆಳಕ್ಕೆ ಇಳಿದಿರುವುದಿಲ್ಲ. ಮರ ಬೀಳುತ್ತದೆ, ಜೊತೆಗೆ ವಯರನ್ನೂ ಎಳೆದುಕೊಂಡು ಬೀಳುತ್ತದೆ.

ಬೇಸಿಗೆಯಲ್ಲೇ ಮುಗಿಸಬೇಕಾದ ಕೆಲಸ

ಅಟ್ಲಾಂಟಿಕ್‌ನ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಇಲ್ಲಿ ಹೆದರಬೇಕಾದದ್ದು ಮುಖ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಅದಕ್ಕೂ ಮೊದಲೇ ಮಾಡಬೇಕಾದ ಮೂರು ಕೆಲಸಗಳಿವೆ.

ಮೊದಲನೆಯದು ಇನ್ಶೂರೆನ್ಸ್. ಗಾಳಿಗೆ ಛಾವಣಿ ಹಾರಿದರೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುತ್ತದೆ. ನೀರು ನುಗ್ಗಿದರೆ ಬಹಳ ಸಲ ಕೊಡುವುದಿಲ್ಲ, ಅದಕ್ಕೆ ಬೇರೆ ಕವರ್ ತೆಗೆದುಕೊಳ್ಳಬೇಕು. ಸಮುದ್ರದ ನೀರಿನ ವಿಷಯದಲ್ಲಂತೂ ಇನ್ನೂ ಬಿಗಿ. ಏಜೆಂಟ್‌ಗೆ ಫೋನ್ ಮಾಡಿ ನೇರವಾಗಿ ಕೇಳಿ: ಬೇಸ್‌ಮೆಂಟಿಗೆ ಚರಂಡಿ ನೀರು ಬಂದರೆ? ಹೊಳೆ ನೀರು ಬಂದರೆ? ಸಮುದ್ರ ಬಂದರೆ? ಬಿರುಗಾಳಿ ಹೊರಟ ಮೇಲೆ ಕೇಳಿದರೆ ಹೊಸ ಕವರ್ ಸಿಗುವುದು ಕಷ್ಟ. ಬಾಡಿಗೆಗೆ ಇರುವ ವಿದ್ಯಾರ್ಥಿಗಳೇ, ಮನೆ ಮಾಲೀಕರ ಪಾಲಿಸಿ ನಿಮ್ಮ ಲ್ಯಾಪ್‌ಟಾಪಿಗೂ ಹಾಸಿಗೆಗೂ ಅನ್ವಯಿಸುವುದಿಲ್ಲ. ಟೆನೆಂಟ್ ಇನ್ಶೂರೆನ್ಸ್ ಮಾಡಿಸಿ.

ಎರಡನೆಯದು ಮರ. ಛಾವಣಿಯ ಮೇಲೆ ಬಾಗಿದ ಒಣ ಕೊಂಬೆಗಳನ್ನು ತಿಳಿದವರಿಂದ ಕಡಿಸಿ. ಮೂರನೆಯದು ಬೇಸ್‌ಮೆಂಟ್. ಅಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಇದ್ದರೆ ಅದಕ್ಕೆ ಬ್ಯಾಟರಿ ಬ್ಯಾಕಪ್ ಇದೆಯಾ ನೋಡಿ. ಮಳೆ ಸುರಿಯುವಾಗಲೇ ಕರೆಂಟ್ ಹೋಗುತ್ತದೆ, ಪಂಪ್ ಬೇಕಾದಾಗಲೇ ಕೈಕೊಡುತ್ತದೆ.

ಐದು ದಿನ ಇರುವಾಗ: ನಕ್ಷೆ ಓದುವುದು

ಡಾರ್ಟ್‌ಮತ್‌ನಲ್ಲಿರುವ ಕೆನೇಡಿಯನ್ ಹರಿಕೇನ್ ಸೆಂಟರ್ ಇಲ್ಲಿಗೆ ಬರುವ ಬಿರುಗಾಳಿಗಳ ಮುನ್ಸೂಚನೆ ಕೊಡುತ್ತದೆ. ನಕ್ಷೆಯಲ್ಲಿ ಕೋನ್ ಆಕಾರದ ಪಟ್ಟಿ ಕಾಣುತ್ತದಲ್ಲ, ಅದರ ಬಗ್ಗೆ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಬಿರುಗಾಳಿಯ ನಡುಬಿಂದು ಎಲ್ಲೆಲ್ಲಿ ಸಾಗಬಹುದು ಎಂಬುದನ್ನಷ್ಟೇ ಆ ಪಟ್ಟಿ ಹೇಳುತ್ತದೆ. ಗಾಳಿ, ಮಳೆ ಅದರಾಚೆಗೂ ನೂರಾರು ಕಿಲೋಮೀಟರ್ ಹರಡಿರುತ್ತವೆ. ನಮ್ಮೂರು ಪಟ್ಟಿಯ ಹೊರಗಿದೆ ಅಂತ ಸುಮ್ನೆ ಕೂರಬೇಡಿ.

ನಡುಬಿಂದು ನಿಮ್ಮ ಯಾವ ಬದಿಯಲ್ಲಿ ಹೋಗುತ್ತದೆ ಎನ್ನುವುದೂ ಮುಖ್ಯ. ಅದು ಉತ್ತರಕ್ಕೆ ಸಾಗುವಾಗ ಬಲಬದಿಗೆ, ಅಂದರೆ ಪೂರ್ವಕ್ಕೆ, ಗಾಳಿಯೂ ಜಾಸ್ತಿ, ಗಾಳಿ ದಡಕ್ಕೆ ನೂಕುವ ಸಮುದ್ರದ ನೀರೂ ಜಾಸ್ತಿ. ಎಡಬದಿಗೆ ಮಳೆ ಜಾಸ್ತಿ. ಪೋರ್ಟ್ ಓ ಬಾಸ್ಕ್ ಫಿಯೋನಾದ ಬಲಬದಿಯಲ್ಲಿತ್ತು. ದಿನನಿತ್ಯದ ಉಬ್ಬರದ ಹೊತ್ತಿಗೂ ಬಿರುಗಾಳಿಯ ಹೊತ್ತಿಗೂ ತಾಳೆ ಆದರೆ ದಡದ ಮನೆಗಳಿಗೆ ಅಪಾಯ ಹೆಚ್ಚು. ನೀರಿನ ಅಂಚಿನಲ್ಲಿ ಮನೆ ಇದ್ದವರು ಟೈಡ್ ಟೇಬಲ್ (ಉಬ್ಬರವಿಳಿತದ ವೇಳಾಪಟ್ಟಿ) ನೋಡಿ, ಎಲ್ಲಿಗೆ ಹೋಗಿ ಉಳಿಯುವುದು ಎಂದು ಈಗಲೇ ಯಾರನ್ನಾದರೂ ಕೇಳಿಟ್ಟುಕೊಳ್ಳಿ. ಮನೆ ಬಿಡಿ ಎಂದು ಆದೇಶ ಬಂದಾಗ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ಮೂರು ದಿನ ಇರುವಾಗ: ಸಾಮಾನು

ಕೊನೆಯ ದಿನ ಅಂಗಡಿಯಲ್ಲಿ ನೀರಿನ ಬಾಟಲಿ, ಬ್ಯಾಟರಿ, ಬ್ರೆಡ್ ಯಾವುದೂ ಇರುವುದಿಲ್ಲ. ಈಗಲೇ ಹೋಗಿ.

72 ಗಂಟೆಗೆ ಸಾಕಾಗುವಷ್ಟು ಇಟ್ಟುಕೊಳ್ಳಿ ಎನ್ನುವುದು ಸರ್ಕಾರದ ಸಲಹೆ. ಫಿಯೋನಾ ನೋಡಿದ ಮೇಲೆ ನಾನು ಒಂದು ವಾರ ಎನ್ನುತ್ತೇನೆ. ಕುಡಿಯಲು ಒಬ್ಬರಿಗೆ ದಿನಕ್ಕೆ 2 ಲೀಟರ್ ನೀರು. ನಾಲ್ಕು ಜನರ ಮನೆಗೆ ವಾರಕ್ಕೆ 56 ಲೀಟರ್. ಅಡುಗೆಗೆ, ಪಾತ್ರೆಗೆ ಬೇರೆ.

ಊಟದ ವಿಷಯದಲ್ಲಿ ಕನ್ನಡಿಗರ ಅಡುಗೆಮನೆ ನಿಜಕ್ಕೂ ಅನುಕೂಲದ್ದು. ಅಂಗಡಿಯವರು ಟಿನ್ ಬೀನ್ಸ್, ಟಿನ್ ಮೀನು ತೋರಿಸುತ್ತಾರೆ. ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಕಡಲೆಕಾಯಿ, ಬೆಲ್ಲ, ಉಪ್ಪಿನಕಾಯಿ ಇದ್ದರೆ ಒಲೆಯೇ ಬೇಡ. ಅವಲಕ್ಕಿಗೆ ನೀರು ಚಿಮುಕಿಸಿ, ಉಪ್ಪು, ನಿಂಬೆರಸ, ಚಟ್ನಿಪುಡಿ, ಒಂದು ಚಮಚ ಎಣ್ಣೆ ಹಾಕಿ ಕಲಸಿದರೆ ಊಟವಾಯಿತು. ಮಕ್ಕಳಿಗೆ ಹುರಿಹಿಟ್ಟಿಗೆ ಬೆಲ್ಲ ಕಲಸಿ ಕೊಡಿ. ಬಾಳೆಹಣ್ಣು, ಸೇಬು, ಚಪಾತಿ ಎರಡು ದಿನಕ್ಕಂತೂ ಬರುತ್ತವೆ. ಫ್ರಿಜ್‌ನಲ್ಲಿ ದೋಸೆ ಹಿಟ್ಟು ಇದ್ದರೆ ಗಾಳಿ ಬರುವ ಹಿಂದಿನ ದಿನವೇ ಖಾಲಿ ಮಾಡಿ. ಟಿನ್ ತಂದರೆ ಕೈಯಲ್ಲಿ ತೆರೆಯುವ ಓಪನರ್ ಮರೆಯಬೇಡಿ.

ಉಳಿದಂತೆ: ಟಾರ್ಚ್, ಬ್ಯಾಟರಿ ರೇಡಿಯೋ, ಪವರ್ ಬ್ಯಾಂಕ್, ನಗದು ದುಡ್ಡು, ಎರಡು ವಾರದ ಔಷಧಿ. ಕಾರಿಗೆ ಪೆಟ್ರೋಲ್ ತುಂಬಿಸಿ, ಏಕೆಂದರೆ ಕರೆಂಟ್ ಇಲ್ಲದೆ ಬಂಕಿನ ಪಂಪೂ ಓಡುವುದಿಲ್ಲ. ರೇಡಿಯೋ ಹಳೆಯ ಕಾಲದ್ದು ಅನ್ನಿಸಬಹುದು. ಆದರೆ ಫಿಯೋನಾದ ನಂತರ ಬಹಳ ಕಡೆ ಮೊಬೈಲ್ ನೆಟ್‌ವರ್ಕ್ ಕೂಡ ಬಿದ್ದುಹೋಗಿತ್ತು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಔಷಧಿಗಳ ಹೆಸರು, ಪ್ರಮಾಣವನ್ನು ಇಂಗ್ಲಿಷ್‌ನಲ್ಲಿ ಕಾಗದದ ಮೇಲೆ ಬರೆದಿಡಿ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಫ್ರಿಜ್ ಇಲ್ಲದೆ ಅದನ್ನು ಎಷ್ಟು ದಿನ ಇಡಬಹುದು ಎಂದು ಫಾರ್ಮಸಿಯಲ್ಲಿ ಮೊದಲೇ ಕೇಳಿ. ಅವರಿಗೆ ಈ ದೇಶದ ಚಳಿ ಹೊಸದು, ಹೀಟ್ ಇಲ್ಲದ ರಾತ್ರಿಗೆ ರಗ್ಗು, ಸ್ವೆಟರ್, ಕಾಲುಚೀಲ ಕೈಗೆ ಸಿಗುವಂತೆ ಇರಲಿ.

ಹಿಂದಿನ ದಿನ

ಬೆಳಕು ಇರುವಾಗಲೇ ಹೊರಗಿನ ಕೆಲಸ ಮುಗಿಸಿ. ಡೆಕ್ ಮೇಲಿನ ಕುರ್ಚಿ, ಮೇಜು, ಹೂಕುಂಡ, ಹಸಿ ಕಸದ ಗ್ರೀನ್ ಬಿನ್, ಮಕ್ಕಳ ಟ್ರಾಂಪೊಲಿನ್ ಎಲ್ಲವನ್ನೂ ಒಳಗೆ ತನ್ನಿ ಅಥವಾ ಬಿಗಿಯಾಗಿ ಕಟ್ಟಿ. ನಿಮ್ಮ ಕುರ್ಚಿ ಹಾರಿ ಪಕ್ಕದ ಮನೆಯ ಕಿಟಕಿ ಒಡೆಯಬಾರದು. ಮನೆ ಮುಂದಿನ ಚರಂಡಿಯ ಬಾಯಿಗೆ ಎಲೆ ಕಟ್ಟಿಕೊಂಡಿದ್ದರೆ ತೆಗೆಯಿರಿ. ಕಾರನ್ನು ಮರದಿಂದ ದೂರ ನಿಲ್ಲಿಸಿ. ಕಿಟಕಿ ಗಾಜಿಗೆ ಟೇಪ್ ಅಂಟಿಸುವ ಕೆಲಸ ಬೇಡ. ಅದರಿಂದ ಗಾಜು ಒಡೆಯುವುದು ತಪ್ಪುವುದಿಲ್ಲ, ಒಡೆದಾಗ ಚೂರು ಇನ್ನೂ ದೊಡ್ಡದಾಗಿ ಬೀಳುತ್ತದೆ.

ಒಳಗೆ: ಬಾತ್‌ಟಬ್ ತುಂಬಿಸಿ, ಇರುವ ಬಕೆಟ್ಟುಗಳನ್ನೂ ತುಂಬಿಸಿ. ಟಾಯ್ಲೆಟ್‌ಗೆ ಹಾಕಲು ಇದೇ ನೀರು. ಚಿಕ್ಕ ಮಕ್ಕಳಿದ್ದರೆ ಬಾತ್‌ರೂಮ್ ಬಾಗಿಲು ಹಾಕಿಡಿ. ಬಾಟಲಿಗಳಲ್ಲಿ ಸ್ವಲ್ಪ ಖಾಲಿ ಬಿಟ್ಟು ನೀರು ತುಂಬಿ ಫ್ರೀಜರ್‌ನಲ್ಲಿಡಿ. ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಫ್ರಿಜ್ ಬರೀ 4 ಗಂಟೆ. ಬೇಸ್‌ಮೆಂಟ್ ನೆಲದ ಮೇಲಿರುವ ಪಾಸ್‌ಪೋರ್ಟ್, ಸರ್ಟಿಫಿಕೇಟ್ ಪೆಟ್ಟಿಗೆಯನ್ನು ಮೇಲೆ ತನ್ನಿ. ಪ್ರತಿ ಕೋಣೆಯನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಇನ್ಶೂರೆನ್ಸ್‌ನವರಿಗೆ ತೋರಿಸಲು ಬೇಕಾಗುತ್ತದೆ.

ಆಮೇಲೆ ಊರಿಗೆ ಒಂದು ಮಾತು ಹೇಳಿ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗಡಿಯಾರ ಹ್ಯಾಲಿಫ್ಯಾಕ್ಸ್‌ಗಿಂತ ಎಂಟೂವರೆ ಗಂಟೆ ಮುಂದೆ. ನಿಮಗೆ ನಡುರಾತ್ರಿ ಗಾಳಿ ಬೀಸುವಾಗ ಅವರು ಬೆಳಗಿನ ಟಿವಿ ನೋಡುತ್ತಿರುತ್ತಾರೆ. "ಎರಡು ಮೂರು ದಿನ ಫೋನ್ ಸಿಗದಿರಬಹುದು, ಗಾಬರಿಯಾಗಬೇಡಿ" ಎಂದು ಮೊದಲೇ ಹೇಳಿದರೆ ಅವರ ಎಷ್ಟೋ ಸಂಕಟ ತಪ್ಪುತ್ತದೆ. ಟೊರಾಂಟೋದಲ್ಲೋ ಬೆಂಗಳೂರಿನಲ್ಲೋ ಒಬ್ಬರನ್ನು ಗೊತ್ತು ಮಾಡಿ, ಅವರಿಗೆ ಒಂದು ಎಸ್‌ಎಂಎಸ್ ಹಾಕಿ, ಉಳಿದವರಿಗೆ ಅವರೇ ತಿಳಿಸಲಿ. ಕರೆ ಹೋಗದ ಕಡೆಯೂ ಎಸ್‌ಎಂಎಸ್ ಕೆಲವೊಮ್ಮೆ ಹೋಗುತ್ತದೆ.

ಆ ರಾತ್ರಿ

ಮನೆಯಲ್ಲೇ ಇರಿ. ಕಿಟಕಿಯಿಂದ ದೂರ ಮಲಗಿ. ಮನೆ ಪಕ್ಕ ದೊಡ್ಡ ಮರ ಇದ್ದರೆ ಮಹಡಿಯ ಕೋಣೆ ಬಿಟ್ಟು ಕೆಳಗೆ ಬನ್ನಿ. ಹ್ವಾನ್ ಬಂದ ರಾತ್ರಿ ಆಂಬುಲೆನ್ಸ್ ಮೇಲೆ ಮರ ಬಿದ್ದು ಪ್ಯಾರಾಮೆಡಿಕ್ ಒಬ್ಬರು ತೀರಿಕೊಂಡರು. ಅದರ ನಂತರ ಕರೆಂಟ್ ಇಲ್ಲದ ದಿನಗಳಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದು ಮೂವರು ಸತ್ತರು. ಮೇಣದಬತ್ತಿಯಿಂದ ಹತ್ತಿದ ಬೆಂಕಿ ಇರಬೇಕು ಎನ್ನುತ್ತಾರೆ. ದೇವರ ಮುಂದೆ ದೀಪ ಹಚ್ಚುವ ರೂಢಿ ಇದ್ದವರಿಗೆ ಕೈಮುಗಿದು ಕೇಳುತ್ತೇನೆ, ಆ ದಿನಗಳಲ್ಲಿ ದೀಪ ಹಚ್ಚಿಟ್ಟು ಮಲಗಬೇಡಿ. ಬೆಳಕಿಗೆ ಟಾರ್ಚ್ ಸಾಕು.

ಅಲೆ ನೋಡಲು ಹ್ಯಾಲಿಫ್ಯಾಕ್ಸ್ ಹತ್ತಿರದ ಬಂಡೆಗಳ ಕಡಲತೀರ ಪೆಗ್ಗೀಸ್ ಕೋವ್‌ಗೆ ಹೋಗಬೇಡಿ. 2009ರ ಆಗಸ್ಟ್‌ನಲ್ಲಿ ಬಿಲ್ ಎಂಬ ಹರಿಕೇನ್ ದಡದಿಂದ ದೂರ, ಸಮುದ್ರದಲ್ಲೇ ಸಾಗುತ್ತಿತ್ತು. ಅಮೆರಿಕದ ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕಿನ ಬಂಡೆಗಳ ಮೇಲೆ ಜನ ಅಲೆ ನೋಡಲು ಸೇರಿದ್ದರು. ಒಂದೇ ಅಲೆ ಹಲವರನ್ನು ಎಳೆದುಕೊಂಡಿತು, ಏಳು ವರ್ಷದ ಹುಡುಗಿ ತೀರಿಹೋದಳು.

ಬೆಳಗಾದ ಮೇಲೆ

ಬಾಗಿಲು ತೆಗೆದು ಹೊರಗೆ ಕಾಲಿಡುವ ಮೊದಲು ನೋಡಿ. ನೆಲಕ್ಕೆ ಬಿದ್ದ ವಯರ್ ಸತ್ತಿದೆ ಎಂದು ಎಂದೂ ಅಂದುಕೊಳ್ಳಬೇಡಿ. ಕನಿಷ್ಠ 10 ಮೀಟರ್ ದೂರ ಇರಿ, ಕರೆಂಟ್ ಕಂಪನಿಗೆ ಇಲ್ಲವೇ ತುರ್ತು ನಂಬರ್ 911ಕ್ಕೆ ತಿಳಿಸಿ. ಟ್ರಾಫಿಕ್ ಲೈಟ್ ಕೆಟ್ಟ ಕಡೆ ನಾಲ್ಕೂ ದಿಕ್ಕಿನವರು ನಿಂತು ಹೋಗಬೇಕು.

ಜನರೇಟರ್ ಬಗ್ಗೆ ಒತ್ತಿ ಹೇಳಬೇಕು. ಬಿರುಗಾಳಿಯಲ್ಲಿ ಬದುಕಿದವರು ಜನರೇಟರ್ ಹೊಗೆಗೆ ಸತ್ತ ಉದಾಹರಣೆಗಳು ಬೇಕಾದಷ್ಟಿವೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮಂಪರು, ಅಷ್ಟರಲ್ಲಿ ಎದ್ದು ಹೋಗುವ ಶಕ್ತಿಯೇ ಇರುವುದಿಲ್ಲ. ಜನರೇಟರನ್ನು ಬಯಲಲ್ಲಿ, ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ ಇಡಿ. ಬಾಗಿಲು ತೆರೆದಿದ್ದರೂ ಗ್ಯಾರೇಜ್ ಬೇಡ. ಬಾರ್ಬೆಕ್ಯೂ, ಕ್ಯಾಂಪಿಂಗ್ ಒಲೆಗಳಿಗೂ ಇದೇ ಮಾತು. ಅನ್ನ, ಚಹಾ ಏನೇ ಮಾಡಿದರೂ ಹೊರಗೇ ಮಾಡಿ. ಜನರೇಟರ್ ವಯರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಕರೆಂಟ್ ಹಿಮ್ಮುಖವಾಗಿ ಲೈನಿಗೆ ಹೋಗಿ, ಕಂಬದ ಮೇಲೆ ಕೆಲಸ ಮಾಡುವವರ ಜೀವ ತೆಗೆಯಬಹುದು.

ಫ್ರಿಜ್‌ನಲ್ಲಿದ್ದ ಹಾಲು, ಮೊಟ್ಟೆ, ಮಾಂಸ, ಉಳಿದ ಸಾರು 4 ಗಂಟೆ ಮೀರಿದ್ದರೆ ಎಸೆಯಿರಿ, ಮೂಸಿ ನೋಡಿ ನಿರ್ಧರಿಸಬೇಡಿ. ಮನೆಗೆ ಹಾನಿಯಾಗಿದ್ದರೆ ಗುಡಿಸುವ ಮೊದಲು ಫೋಟೋ ತೆಗೆಯಿರಿ. ಊರಿನ ಆಡಳಿತ ಕಮ್ಯುನಿಟಿ ಹಾಲ್‌ಗಳಲ್ಲಿ ಕಂಫರ್ಟ್ ಸೆಂಟರ್ ತೆರೆಯುತ್ತದೆ. ಫೋನ್ ಚಾರ್ಜ್ ಮಾಡಲು, ಬಿಸಿ ಕಾಫಿ ಕುಡಿಯಲು ಸಂಕೋಚವಿಲ್ಲದೆ ಹೋಗಿ. ಎಲ್ಲಿದೆ ಅಂತ ಮಾಹಿತಿ ನಂಬರ್ 211ಕ್ಕೆ ಕರೆ ಮಾಡಿ ಕೇಳಬಹುದು. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರಿದ್ದರೆ ಮೊದಲ ದಿನವೇ ಬಾಗಿಲು ತಟ್ಟಿ ವಿಚಾರಿಸಿ. ಮನೆಯ ಬಾವಿಯ ಹತ್ತಿರ ನೀರು ನಿಂತಿದ್ದರೆ, ಕರೆಂಟ್ ಬಂದು ನಲ್ಲಿಯಲ್ಲಿ ನೀರು ಬಂದರೂ ಪರೀಕ್ಷೆ ಮಾಡಿಸುವವರೆಗೆ ಆ ನೀರನ್ನು ಕುಡಿಯಬೇಡಿ.