ಕಿಟ್ ಬಿಟ್ಟು ಅಮೋನಿಯಾ ಹಿಡಿದೆ: ಉಣುಗಿನ ಡಿಎನ್‌ಎ ತೆಗೆದ ನನ್ನ ಅನುಭವ

ಕಳೆದ ವಾರ ಬೆಂಗಳೂರಿನಿಂದ ಸೀಕ್ವೆನ್ಸ್, ಅಂದರೆ ನಾವು ಕಳಿಸಿದ ಉಣುಗಿನ ಡಿಎನ್‌ಎಯ ಅಕ್ಷರ ಓದಿದ ಪಟ್ಟಿ, ಬಂತು. ಕಳಿಸಿದ್ದು 24, ಚೆನ್ನಾಗಿ ಓದಲು ಬಂದದ್ದು 22. ಒಂದೊಂದೂ ಒಂದೇ ನಿಂಫ್‌ನಿಂದ, ಅಂದರೆ ಎಳ್ಳಿಗಿಂತ ಚಿಕ್ಕ ಮರಿ ಉಣುಗಿನಿಂದ ತೆಗೆದದ್ದು. ಡಿಎನ್‌ಎ ತೆಗೆಯುವ ರೆಡಿಮೇಡ್ ಕಿಟ್ ಮುಟ್ಟಿಲ್ಲ. "ಅಮೋನಿಯಾದಲ್ಲಿ ಕುದಿಸಿದ್ರೆ ಡಿಎನ್‌ಎ ಬರುತ್ತಾ?" ಅಂತ ಎರಡು ವರ್ಷ ಕೇಳಿದವರಿಗೆಲ್ಲ ಡಿಎನ್‌ಎ ಬಂದದ್ದು ಕಾಣುವ ಜೆಲ್ ಫೋಟೋ ಕಳಿಸಿದೆ.

ನಾನು ಪಾಠ ಮಾಡುವುದು ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಊರು ಸಾಗರದ ಕಡೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಮಗೆ ಪುಸ್ತಕದ ವಿಷಯ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ರೋಗ 2019ರಲ್ಲಿ ಅರಳಗೋಡಿನಲ್ಲಿ ಏನು ಮಾಡಿತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ವೈರಸ್ ಮುಟ್ಟುವ ಲ್ಯಾಬ್ ನಮಗಿಲ್ಲ, ಅದಕ್ಕೆ ಬಿಗಿ ಸುರಕ್ಷತೆಯ ಲ್ಯಾಬ್, ಕಡಿಮೆ ಅಂದರೂ ಬಿಎಸ್‌ಎಲ್-3 ಮಟ್ಟದ್ದು ಬೇಕು. ಆದರೆ ಯಾವ ಬೆಟ್ಟದಲ್ಲಿ ಯಾವ ಜಾತಿಯ ಉಣುಗು ಜಾಸ್ತಿ ಅನ್ನೋದನ್ನಾದರೂ ನೋಡೋಣ ಅಂತ ಹೊರಟೆ. ರೋಗ ಹರಡುವುದರಲ್ಲಿ ಹೀಮಾಫೈಸಾಲಿಸ್ ಸ್ಪೈನಿಜೆರಾ ಅನ್ನೋ ಜಾತಿಯ ಉಣುಗು ಮುಖ್ಯ. ಅದರ ನಿಂಫ್ ಮತ್ತು ಹತ್ತಿರದ ಜಾತಿಗಳ ನಿಂಫ್ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ. ಅದಕ್ಕೇ ಡಿಎನ್‌ಎಯಿಂದ ಜಾತಿ ಗುರುತಿಸಲು 16ಎಸ್ ಅನ್ನೋ ಜೀನ್ ಹಿಡಿದದ್ದು.

ವಿಶ್ವವಿದ್ಯಾಲಯ ಕೊಟ್ಟದ್ದು 2 ಲಕ್ಷ. ಅರಣ್ಯ ಇಲಾಖೆ ಅನುಮತಿಗೇ ಐದು ತಿಂಗಳು ಹೋಯಿತು. 50 ಸ್ಯಾಂಪಲ್‌ನ ಕಿಟ್ ಹದಿನೆಂಟು ಸಾವಿರದ ಸುತ್ತಮುತ್ತ. ಮೊದಲ ಎರಡು ಕಿಟ್ ಸುಮ್ನೆ ಹಾಳಾದವು. ನಿಂಫ್‌ನ ಚಿಪ್ಪು ಗಟ್ಟಿ, ಪ್ಲಾಸ್ಟಿಕ್ ಕಡ್ಡಿಯಿಂದ ಅರೆದರೆ ಪುಡಿಯಾಗುವುದಿಲ್ಲ, ಟ್ಯೂಬಿನ ಗೋಡೆಗೆ ಅಂಟಿ ಕೂರುತ್ತದೆ. ಅರೆಯುವ ಯಂತ್ರಕ್ಕೆ ಕೊಟೇಶನ್ ತರಿಸಿದರೆ ನಾಲ್ಕು ಲಕ್ಷದ ಮೇಲೆ. ಆ ಕಾಗದ ಇನ್ನೂ ಡ್ರಾಯರ್‌ನಲ್ಲಿದೆ.

ಉಣುಗು ಹಿಡಿಯುವುದರಲ್ಲೂ ಪೆಟ್ಟು ತಿಂದೆವು. ನೆಲದ ಮೇಲೆ ಬಟ್ಟೆ ಎಳೆದರೆ ಉಣುಗು ಅದಕ್ಕೆ ಹತ್ತುತ್ತವೆ. ಮೊದಲು ನುಣುಪಾದ ಹತ್ತಿ ಬೆಡ್‌ಶೀಟ್ ಎಳೆದೆವು, ಒಂದೂ ಹತ್ತಲಿಲ್ಲ. ಫ್ಲಾನೆಲ್ ತಂದ ಮೇಲೆ ಹತ್ತತೊಡಗಿದವು. ಇಬ್ಬನಿ ಆರುವ ಮುಂಚೆ ಹೋದರೆ ಬಟ್ಟೆ ಒದ್ದೆಯಾಗಿ ಕೆಲಸ ಕೆಡುತ್ತದೆ. ಒಂದು ದಿನ ಮೂರು ಗಂಟೆ ಎಳೆದರೂ ಬರೀ ದರಗು. ಆಮೇಲೆ ಗೊತ್ತಾಯಿತು, ಹುಡುಗನೊಬ್ಬ ಡೆಪಾ ಎಣ್ಣೆ (ಉಣುಗು ಹತ್ತದಂತೆ ಮೈಗೆ ಹಚ್ಚುವುದು) ಹಚ್ಚಿದ ಕೈಯಲ್ಲೇ ಬಟ್ಟೆ ಮಡಚಿಟ್ಟಿದ್ದ. ಎಣ್ಣೆ ಬಿಡುವ ಹಾಗಿಲ್ಲ, ಅದು ಜೀವದ ಪ್ರಶ್ನೆ. ಈಗ ಬಟ್ಟೆ ಹಿಡಿಯುವವರಿಗೆ ಬೇರೆ ಗ್ಲೌಸ್. ಬೆಟ್ಟದಲ್ಲಿ ಸೊಪ್ಪು ತರಲು ಬಂದ ಅಜ್ಜಿಯೊಬ್ಬರು ನಿಂತು ನೋಡಿ, "ಎಂತ ಮಾಡ್ತಿದೀರಿ ಅಮ್ಮಾ? ನನ್ನ ಜೊತೆ ಬನ್ನಿ, ಎಷ್ಟು ಬೇಕು ಅಷ್ಟು ಉಣುಗು ತೋರಿಸ್ತೀನಿ" ಅಂದರು. ಅವರು ತೋರಿಸಿದ ಕೊಟ್ಟಿಗೆ ದಾರಿಯಲ್ಲಿ ಒಂದೇ ಸುತ್ತಿಗೆ ಮೂವತ್ತು ನಿಂಫ್ ಸಿಕ್ಕವು.

ಇನ್ನು ಕುದಿಸುವ ಕೆಲಸ. ಸಿಕ್ಕಿದ್ದನ್ನೆಲ್ಲ ಅಲ್ಲೇ ಆಲ್ಕೋಹಾಲ್‌ಗೆ ಹಾಕಿ ಕೊಲ್ಲುತ್ತೇವೆ. ಲ್ಯಾಬಿನಲ್ಲಿ ಹೊಸ ಸೂಜಿಯಿಂದ ಒಂದೊಂದನ್ನೂ ಚುಚ್ಚುತ್ತೇವೆ. 25 ಶೇಕಡಾ ಅಮೋನಿಯಾವನ್ನು ಇಪ್ಪತ್ತು ಪಾಲಿಗೆ ತೆಳು ಮಾಡಿ, ಉಣುಗಿಗೆ 100 ಮೈಕ್ರೋಲೀಟರ್. ಮುಚ್ಚಳ ಹಾಕಿ 100 ಡಿಗ್ರಿಯಲ್ಲಿ 20 ನಿಮಿಷ. ತಣಿಸಿ, ಮುಚ್ಚಳ ತೆರೆದು ಮತ್ತೆ ಬಿಸಿ, ನೀರು ಅರ್ಧ ಆಗುವವರೆಗೆ. ಎಲ್ಲ ಫ್ಯೂಮ್ ಹುಡ್ ಒಳಗೇ. ಅಮೋನಿಯಾ ಬಾಟಲಿಗೆ ನಾನೂರೋ ಐನೂರೋ ಕೊಟ್ಟ ನೆನಪು. ಒಂದೇ ಬಾಟಲಿ, ಇನ್ನೂ ಮುಗಿದಿಲ್ಲ.

ಹೇಳುವುದಕ್ಕೆ ಇಷ್ಟೇ. ಹೀಗೆ ಬಂದ ಡಿಎನ್‌ಎಯಲ್ಲಿ ನಮಗೆ ಬೇಕಾದ ತುಣುಕನ್ನು ಪಿಸಿಆರ್‌ನಲ್ಲಿ ಪ್ರತಿ ಮಾಡಿ ಹೆಚ್ಚಿಸಿ ಜೆಲ್‌ನಲ್ಲಿ ಓಡಿಸಿದರೆ ಒಂದು ಗೆರೆ, ಅಂದರೆ ಬ್ಯಾಂಡ್, ಕಾಣಬೇಕು. ಆದರೆ ಮೊದಲ ಮೂರು ತಿಂಗಳು ಜೆಲ್ ಖಾಲಿ. ಅಳತೆಗೆ ಪಕ್ಕದಲ್ಲಿ ಹಾಕುವ ಲ್ಯಾಡರ್ ಒಂದೇ ಹೊಳೆಯುತ್ತಿತ್ತು. ಹಿರಿಯರೊಬ್ಬರು "ಕಿಟ್‌ಗೆ ದುಡ್ಡು ಕೇಳಿಬಿಡಿ ಮೇಡಂ, ಇದೆಲ್ಲ ಆಗದ ಕೆಲಸ" ಅಂದರು. ತಪ್ಪು ಅಮೋನಿಯಾದ್ದಲ್ಲ, ಆಲ್ಕೋಹಾಲ್‌ದು. ಉಣುಗಿನ ಹೊಟ್ಟೆಯಲ್ಲಿ ಉಳಿದ ಆಲ್ಕೋಹಾಲ್ ಪಿಸಿಆರ್ ಕೆಡಿಸುತ್ತಿತ್ತು ಅಂತ ಕಾಣುತ್ತದೆ. ಟಿಶ್ಯೂ ಮೇಲಿಟ್ಟು ಪೂರ್ತಿ ಒಣಗಿಸಿದ ದಿನವೇ 460 ಅಕ್ಷರದ ಉದ್ದದ ಹತ್ತಿರ ಮೊದಲ ಬ್ಯಾಂಡ್ ಬಂತು. ತೆಳು, ಕೂದಲೆಳೆ ಹಾಗೆ. ರಾತ್ರಿ ಒಂಬತ್ತು ಗಂಟೆ, ಹೊರಗೆ ಸುರಿಮಳೆ, ನಾವು ಮೂವರು ಜೆಲ್ ನೋಡುವ ಡಬ್ಬದ ಮುಂದೆ ಕದಲದೆ ನಿಂತಿದ್ದೆವು.

ಮುಂದಿನ ತಿಂಗಳು ಉಣುಗೇ ಇಲ್ಲದ ಖಾಲಿ ಟ್ಯೂಬಿನಲ್ಲೂ ಬ್ಯಾಂಡ್ ಬಂತು. ಒಂದೇ ಸೂಜಿ ಎರಡು ಉಣುಗಿಗೆ ಬಳಸಿದ್ದರು. ನಲವತ್ತು ಸ್ಯಾಂಪಲ್ ಎಸೆದೆ, ಹೊಟ್ಟೆ ಉರಿಯಿತು. ಖಾಲಿ ಟ್ಯೂಬ್ ಇಡದೆ ಯಾರೂ ಈ ಕೆಲಸ ಮಾಡಬೇಡಿ.

ನಡುವೆ ಇನ್ನೊಂದು ಪ್ರಯೋಗ. ಇಂಗಾಲದ ಡೈಆಕ್ಸೈಡ್‌ಗೆ ಉಣುಗು ಬರುತ್ತವೆ; ಅದಕ್ಕೆ ಡ್ರೈ ಐಸ್, ಅಂದರೆ ಗಟ್ಟಿಯಾದ ಆ ಅನಿಲ, ಬೇಕು, ನಮ್ಮ ಕಡೆ ಎಲ್ಲಿ ಸಿಗಬೇಕು? ಜೋನಿ ಬೆಲ್ಲ, ನೀರು, ಯೀಸ್ಟ್ ಕ್ಯಾನಿನಲ್ಲಿ ಹುಳಿ ಬರಿಸಿ, ಅದರ ಇಂಗಾಲದ ಡೈಆಕ್ಸೈಡ್ ಅನ್ನು ಪೈಪಿನಲ್ಲಿ ಬಿಳಿ ಬಟ್ಟೆ ಮೇಲೆ ಬಿಟ್ಟೆವು. ಗುಳ್ಳೆ ಚೆನ್ನಾಗಿ ಬಂತು. ಎರಡು ಗಂಟೆಗೆ ಆರೋ ಏಳೋ ಉಣುಗು, ಇರುವೆ ಮಾತ್ರ ಲೆಕ್ಕವಿಲ್ಲದಷ್ಟು. ಕ್ಯಾನಿಗೆ ಬೂದಿ ಸುತ್ತಿ ಇನ್ನೊಮ್ಮೆ ನೋಡಬೇಕು, ಬೆಲ್ಲ ಬಿಡುವ ಮನಸ್ಸಿಲ್ಲ.

ರಕ್ತ ಕುಡಿದು ಊದಿದ ಉಣುಗಿಗೆ ಮಾತ್ರ ಈ ಅಮೋನಿಯಾ ಸರಿಯಾಗಿ ಕೈಹಿಡಿಯಲಿಲ್ಲ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಪಿಸಿಆರ್ ತಡೆಯುತ್ತದೆ. ಬಂದ ಡಿಎನ್‌ಎ ನೀರನ್ನು ಹತ್ತು ಪಟ್ಟು ತೆಳು ಮಾಡಿದರೆ ಅರ್ಧದಷ್ಟು ಸ್ಯಾಂಪಲ್ ಬರುತ್ತವೆ, ಬಿಎಸ್‌ಎ ಅನ್ನೋ ಪ್ರೋಟೀನ್ ಹಾಕಿದರೆ ಇನ್ನೂ ಜಾಸ್ತಿ. ಎಷ್ಟು ಹಾಕುತ್ತೇವೆ, ಯಾವ ಹಂತದಲ್ಲಿ ಅನ್ನೋದನ್ನು ಪೇಪರ್ ಬರುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುಚ್ಚಳ ತೆರೆಯುವ ಮುಂಚೆ ಮಾಡುವ ಇನ್ನೊಂದು ಸಣ್ಣ ಕೆಲಸವೂ ಇದೆ, ಅದೂ ಅಲ್ಲಿಯವರೆಗೆ ಬೇಡ. ಇನ್ನೊಂದು ಮಾತು: ವೈರಸ್ ಹುಡುಕುವವರಿಗೆ ಇದು ಆಗುವುದಿಲ್ಲ. ಈ ವೈರಸ್‌ನ ಜೀನ್ ಇರುವುದು ಆರ್‌ಎನ್‌ಎಯಲ್ಲಿ, ಈ ಕ್ಷಾರದಲ್ಲಿ ಕುದಿಸಿದರೆ ಅದು ಉಳಿಯುವುದಿಲ್ಲ.

ಲೆಕ್ಕ ಹಾಕಿದರೆ ಸೀಕ್ವೆನ್ಸಿಂಗ್ ಬಿಟ್ಟು ಒಂದು ಉಣುಗಿಗೆ ನಲವತ್ತು ರೂಪಾಯಿ ಒಳಗೇ ಮುಗಿಯುತ್ತದೆ, ಅದರಲ್ಲೂ ಪಿಸಿಆರ್ ಮಿಕ್ಸ್‌ನದೇ ಹೆಚ್ಚು. ಕಿಟ್ ಇದ್ದಾಗ ಡಿಎನ್‌ಎ ತೆಗೆಯುವುದಕ್ಕೇ ಮುನ್ನೂರ ಐವತ್ತರ ಮೇಲೆ ಬೀಳುತ್ತಿತ್ತು. ಉಳಿದ ದುಡ್ಡಲ್ಲಿ ಹತ್ತು ಮೀಟರ್ ಫ್ಲಾನೆಲ್ ತಂದಿದ್ದೇನೆ. ಡಿಸೆಂಬರ್‌ಗೆ ನಿಂಫ್ ಏಳುತ್ತವೆ. ಆ ಅಜ್ಜಿಗೆ ಬರುತ್ತೇವೆ ಅಂತ ಹೇಳಿ ಕಳಿಸಿದ್ದಾಗಿದೆ.