ಸ್ಟ್ರೋಕ್ ತಡೆಯಬೇಕಾ? ಮೊದಲು ಬಿಪಿ ನೋಡುವುದನ್ನು ಸರಿ ಮಾಡಿಕೊಳ್ಳಿ

ಮಿದುಳಿಗೆ ಹೋಗುವ ರಕ್ತ ಹೆಪ್ಪುಗಟ್ಟಿ ನಿಂತರೂ ಸ್ಟ್ರೋಕ್, ಮಿದುಳಿನೊಳಗೆ ರಕ್ತನಾಳ ಒಡೆದರೂ ಸ್ಟ್ರೋಕ್. ನಮ್ಮಲ್ಲಿ ಲಕ್ವ ಹೊಡೆಯಿತು ಅನ್ನುವುದು ಇದಕ್ಕೇ. ವಯಸ್ಸು, ಮನೆತನದಿಂದ ಬಂದ ಗುಣ ನಮ್ಮ ಕೈಲಿಲ್ಲ. ಉಳಿದದ್ದು ಬಹುಪಾಲು ನಮ್ಮ ಕೈಲೇ ಇದೆ. 32 ದೇಶಗಳಲ್ಲಿ ನಡೆದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ ಸ್ಟ್ರೋಕ್ ಅಪಾಯದ ಶೇ 90ರಷ್ಟಕ್ಕೆ ತಿದ್ದಿಕೊಳ್ಳಬಹುದಾದ 10 ಅಂಶಗಳೇ ಕಾರಣ. ಅದರಲ್ಲಿ ಮೊದಲ ಸ್ಥಾನ ಬಿಪಿಯದ್ದು.

1. ನಿಮ್ಮ ಅಪಾಯಗಳ ಪಟ್ಟಿ ಬರೆಯಿರಿ

ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟು, ಮದ್ಯ, ಸೊಂಟದ ಸುತ್ತಳತೆ, ಜೋರು ಗೊರಕೆ, ಹೃದಯದ ತೊಂದರೆ. ಯಾವುದು ಇದೆ, ಯಾವುದು ಇಲ್ಲ, ಯಾವುದು ಇನ್ನೂ ಪರೀಕ್ಷೆ ಮಾಡಿಸಿಲ್ಲ ಅಂತ ಗುರುತು ಹಾಕಿ. 'ಗೊತ್ತಿಲ್ಲ' ಅನ್ನುವುದನ್ನು 'ಇಲ್ಲ' ಅಂತ ಬರೆಯಬೇಡಿ.

2. ಬಿಪಿ ಅಳೆಯಿರಿ

ಜನ ಎಡವುವುದು ಇಲ್ಲೇ. ಮಷಿನ್ ಇರುತ್ತದೆ, ದಿನಾ ನೋಡುತ್ತಲೂ ಇರುತ್ತಾರೆ, ಆದರೆ ಬರುವ ಸಂಖ್ಯೆಯೇ ತಪ್ಪು.

ತೋಳಿಗೆ ಪಟ್ಟಿ ಕಟ್ಟುವ ಮಷಿನ್ನೇ ಕೊಳ್ಳಿ. ಮಣಿಕಟ್ಟಿನದ್ದು, ಬೆರಳಿನದ್ದು ಬೇಡ. ಫೋನಿನ ಕ್ಯಾಮೆರಾದಲ್ಲಿ ಬಿಪಿ ತೋರಿಸುತ್ತೇವೆ ಅನ್ನುವ ಆ್ಯಪ್‌ಗಳನ್ನು ನಂಬಲೇಬೇಡಿ. ಆಮೇಲೆ ಪಟ್ಟಿಯ ಅಳತೆ. ಇದನ್ನು ಯಾರೂ ನೋಡುವುದೇ ಇಲ್ಲ. ಭುಜಕ್ಕೂ ಮೊಣಕೈಗೂ ನಡುವೆ ಟೇಪು ಸುತ್ತಿ ತೋಳಿನ ಅಳತೆ ತೆಗೆದುಕೊಳ್ಳಿ. ಪಟ್ಟಿಯ ಮೇಲೆ ಎಷ್ಟರಿಂದ ಎಷ್ಟು ಸೆಂಟಿಮೀಟರ್ ಅಂತ ಮುದ್ರಿಸಿರುತ್ತಾರೆ, ಹೋಲಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ಅಳೆಯುವ ಮೊದಲು ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದಕ್ಕೂ ಬಿಪಿ ಏರುತ್ತದೆ. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ನೆ ಇರಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಜೋತುಬಿಟ್ಟ ಕೈಯಲ್ಲಿ ಸಂಖ್ಯೆ ಜಾಸ್ತಿ ಬರುತ್ತದೆ. ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟಬೇಡಿ, ಬರಿ ತೋಳಿಗೆ ಕಟ್ಟಿ. ಅದರ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ.

ಇನ್ನು ಮಾತು. ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ ಸುತ್ತ ನಿಂತವರು 'ಎಷ್ಟಿದೆ, ಎಷ್ಟಿದೆ' ಅಂತ ಕೇಳುತ್ತಾರೆ, ಕೂತವರು ಉತ್ತರ ಕೊಡುತ್ತಾರೆ. ಆ ಮಾತಿಗೇ ಬಿಪಿ ಏರುತ್ತದೆ. ಟಿವಿ ಆರಿಸಿ, ಎಲ್ಲರನ್ನೂ ಸುಮ್ಮನಿರಿಸಿ.

ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಿ. 7 ದಿನ, ಬೆಳಗ್ಗೆ ಮಾತ್ರೆ, ತಿಂಡಿಗೆ ಮೊದಲು ಒಮ್ಮೆ, ಸಂಜೆ ಒಮ್ಮೆ. ಪ್ರತಿ ಸಲ ಒಂದು ನಿಮಿಷ ಬಿಟ್ಟು ಎರಡು ಅಳತೆ. ಎಲ್ಲವನ್ನೂ ಬರೆಯಿರಿ. ಚೆನ್ನಾಗಿರುವ ಸಂಖ್ಯೆ ಬರುವವರೆಗೆ ಮತ್ತೆ ಮತ್ತೆ ಒತ್ತಿ, ಅದೊಂದನ್ನೇ ಡಾಕ್ಟರಿಗೆ ತೋರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಿಮಗೆ ಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಾಕ್ಟರನ್ನು ಕಾಣಿ. 180/120 ದಾಟಿ, ಜೊತೆಗೆ ಎದೆನೋವು, ಉಸಿರುಕಟ್ಟುವುದು, ದೃಷ್ಟಿ ಮಂಜಾಗುವುದು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮಾತ್ರೆ ಶುರುವಾದ ಮೇಲೆ ಬಿಪಿ ನಾರ್ಮಲ್ ಬಂತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಅದು ನಾರ್ಮಲ್ ಆಗಿರುವುದು ಮಾತ್ರೆಯಿಂದಲೇ ಅಲ್ವಾ? ಬಿಪಿ ಇರುವವರು ನೋವಿನ ಮಾತ್ರೆ, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆಗಳನ್ನೂ ಕೇಳದೆ ನುಂಗಬಾರದು. ಕೆಲವು ಬಿಪಿ ಏರಿಸುತ್ತವೆ.

3. ನಾಡಿ ಹಿಡಿದು ನೋಡಿ

ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಗಮನಿಸಿ. ಬಡಿತ ಒಂದೇ ಲಯದಲ್ಲಿರಬೇಕು. ಲೆಕ್ಕಕ್ಕೇ ಸಿಗದ ಹಾಗೆ ಅಡ್ಡಾದಿಡ್ಡಿ ಬಡಿಯುತ್ತಿದ್ದರೆ ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಈ ತೊಂದರೆ ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು 5 ಪಟ್ಟು. ಇದಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಬೇರೆಯೇ ಔಷಧಗಳಿವೆ. ಮುಂಜಾಗ್ರತೆಗೆ ಇರಲಿ ಅಂತ ಆಸ್ಪಿರಿನ್ ಶುರು ಮಾಡಿಕೊಳ್ಳುವುದು ತಪ್ಪು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ರಕ್ತನಾಳದ ಬ್ಲಾಕ್ ಕರಗಿಸುತ್ತೇವೆ ಅಂತ ಮಾರುವ ಪುಡಿ, ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿ.

4. ಉಪ್ಪು

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಪೊಟ್ಟಣದ ತಿನಿಸಿನಲ್ಲಿ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ.

5. ಉಳಿದವು

ಸಿಗರೇಟು ಪೂರ್ತಿ ಬಿಡಿ, ಕಡಿಮೆ ಮಾಡಿದರೆ ಸಾಲದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದೆ ಅಂತ ಪಕ್ಕದಲ್ಲಿ ಮಲಗುವವರು ಹೇಳಿದರೆ ಅದನ್ನು ಡಾಕ್ಟರಿಗೆ ತಿಳಿಸಿ.

6. ತಾನಾಗಿಯೇ ಸರಿಹೋದರೂ ಬಿಡಬೇಡಿ

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಆಗದಿರುವುದು, ಮಾತು ತೊದಲುವುದು. ಇವು ಹತ್ತು ನಿಮಿಷದಲ್ಲಿ ಮಾಯವಾದರೆ ಜನ ಸುಸ್ತು ಅಂತ ಮಲಗಿಬಿಡುತ್ತಾರೆ. ಇದು ಮಿನಿ ಸ್ಟ್ರೋಕ್ ಇರಬಹುದು. ದೊಡ್ಡದು ಬರುವ ಭಯ ಮುಂದಿನ ಒಂದೆರಡು ದಿನಗಳಲ್ಲೇ ಜಾಸ್ತಿ. ಕೂಡಲೇ ಆಂಬುಲೆನ್ಸ್ ಕರೆಸಿ. ಸ್ಟ್ರೋಕ್ ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ. ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.