ಜ್ವರ ತಲೆಗೇರಿದಾಗ

"ಎಷ್ಟ್ ಕರದ್ರೂ ಓ ಅನ್ನವಲ್ರಿ" ಎನ್ನುತ್ತಾ ಆಕೆ ಗಂಡನ ಕೆನ್ನೆ ತಟ್ಟುತ್ತಲೇ ಇದ್ದಳು. ಜುಲೈ ತಿಂಗಳ ರಾತ್ರಿ, ಹೊರಗೆ ಮಳೆ. ಬಾಗಲಕೋಟೆ ಕಡೆಯಿಂದ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದ ಜೋಡಿ. ಅವನಿಗೆ ಐದು ದಿನದಿಂದ ಚಳಿಜ್ವರ. ಮೊದಲು ತೋರಿಸಿದ ಕಡೆ, ಕುಡಿತ ಬಿಟ್ಟಿದ್ದಕ್ಕೆ ಬಡಬಡಿಸುತ್ತಿದ್ದಾನೆ ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರಂತೆ. ಅವನು ಕುಡಿಯುವವನೇ ಅಲ್ಲ. ಕೂಲಿಯವನು ಬಡಬಡಿಸಿದರೆ ಕುಡಿತವೇ ಇರಬೇಕು ಅಂದುಕೊಳ್ಳುವುದನ್ನು ನೋಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮೂರಲ್ಲಿ ಮಲೇರಿಯಾ ಹೊಸದಲ್ಲ. 1990ರ ದಶಕದಿಂದ ಕಟ್ಟಡಗಳು ಏಳುತ್ತಾ ಬಂದ ಹಾಗೆ ಇದೂ ಬೆಳೆಯಿತು. ಸ್ಲ್ಯಾಬಿಗೆ ಕಟ್ಟಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಬಾವಿ, ಇಲ್ಲೆಲ್ಲ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುತ್ತದೆ. ಹೆಚ್ಚಿನವು ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ. ತಲೆಗೇರುವುದು ಜಾಸ್ತಿ ಫಾಲ್ಸಿಪಾರಮ್ ಅನ್ನುವ ಇನ್ನೊಂದು ಬಗೆ. ಅವನಿಗಿದ್ದದ್ದೂ ಅದೇ.

ಕಣ್ಣು ಅರ್ಧ ತೆರೆದಿತ್ತು, ಎರಡು ಗುಡ್ಡೆಗಳು ಎರಡು ಕಡೆ ನೋಡುತ್ತಿದ್ದವು. ಹಲ್ಲು ಕಟಕಟ ಕಡಿಯುತ್ತಿದ್ದ. ಆ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಎದೆ ಮೂಳೆಯ ಮೇಲೆ ಗೆಣ್ಣು ಒತ್ತಿದರೆ ಕೈ ಸ್ವಲ್ಪ ಮಡಚಿದ, ಅಷ್ಟೆ. ಕೋಮಾ ಸ್ಕೋರ್ 15ಕ್ಕೆ 7 (ಪೂರ್ತಿ ಎಚ್ಚರವಿದ್ದರೆ 15). ಮಲೇರಿಯಾ ಪತ್ತೆಗೆ ಗಾಜಿನ ಮೇಲೆ ಸವರಿದ ರಕ್ತದ ಲೇಪ ಇನ್ನೂ ಲ್ಯಾಬಿನಲ್ಲಿರುವಾಗಲೇ ಬೆರಳು ಚುಚ್ಚಿ ಶುಗರ್ ನೋಡಿದೆ. 34, ತೀರಾ ಕಡಿಮೆ.

ಶುಗರ್ ಮೊದಲು ನೋಡುವ ಅಭ್ಯಾಸ ನನಗೆ ತುಂಬಾ ಬೆಲೆ ತೆತ್ತು ಬಂದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಲೇರಿಯಾದ ಹಳೆಯ ಔಷಧ ಕ್ವಿನೈನ್ ಡ್ರಿಪ್ಪಿನ ಕಾಲದಲ್ಲಿ, ಒಬ್ಬಳು ಬಸುರಿ ಹೆಂಗಸು ಮಲೇರಿಯಾದಿಂದ ಸುಧಾರಿಸಿಕೊಳ್ಳುತ್ತಿದ್ದಳು. ಸಂಜೆ ಮತ್ತೆ ಮಂಕಾದಳು. ಜ್ವರ ಪುನಃ ಏರಿತು ಎಂದೇ ನಾನು ತಿಳಿದೆ. ಮೂರು ಗಂಟೆ ಬಿಟ್ಟು ಶುಗರ್ ನೋಡಿದರೆ 22. ಮಲೇರಿಯಾದ ಪರಾವಲಂಬಿ ತಾನೇ ಸಕ್ಕರೆ ತಿನ್ನುತ್ತದೆ, ಯಕೃತ್ತು ಹೊಸದಾಗಿ ಮಾಡಿಕೊಡುವುದಿಲ್ಲ, ಮೇಲಿಂದ ಕ್ವಿನೈನ್ ಸಕ್ಕರೆ ಇಳಿಸುವ ಇನ್ಸುಲಿನ್ ಏರಿಸುತ್ತದೆ. ಬಸುರಿಯರಲ್ಲಿ ಇದು ಇನ್ನೂ ಜಾಸ್ತಿ. ಇದೆಲ್ಲ ಓದಿ ಗೊತ್ತಿತ್ತು. ಆದರೂ ನೋಡಲಿಲ್ಲ. ಆಕೆ ಉಳಿದಳು, ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

ಈ ಸಲ ಗ್ಲೂಕೋಸ್ ಹೋದ ಮೇಲೂ ಅವನು ಏಳಲಿಲ್ಲ. ಅಂದರೆ ಮಿದುಳಿನ ಮಲೇರಿಯಾವೇ. ಕುತ್ತಿಗೆ ಸ್ವಲ್ಪ ಬಿಗಿ ಅನ್ನಿಸಿದ್ದಕ್ಕೆ ಬೆನ್ನುನೀರು ತೆಗೆದು ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ) ಅಲ್ಲ ಎಂದು ಖಾತ್ರಿ ಮಾಡಿಕೊಂಡೆ. ಕಣ್ಣಿನ ಒಳಪರದೆಯಲ್ಲಿ ಅಲ್ಲಲ್ಲಿ ಬಿಳುಪು, ನಡುವೆ ಬಿಳಿಯಿರುವ ರಕ್ತದ ಚುಕ್ಕಿಗಳು. ಅದೂ ಮಿದುಳಿನ ಮಲೇರಿಯಾದ ಗುರುತೇ.

ಲೇಪದಲ್ಲಿ ಮಾತ್ರ ಪರಾವಲಂಬಿಗಳು ಅಂಥ ಜಾಸ್ತಿ ಇರಲಿಲ್ಲ. ಕಿರಿಯ ವೈದ್ಯರು ಇಲ್ಲೇ ಸಮಾಧಾನ ಪಟ್ಟುಕೊಳ್ಳುತ್ತಾರೆ. ಬಲಿತ ಪರಾವಲಂಬಿ ಇರುವ ಕೆಂಪು ಕಣ ಹಲಸಿನ ಮೇಣ ಹತ್ತಿದ ಬೆರಳಿನ ಹಾಗೆ ಸಣ್ಣ ರಕ್ತನಾಳದ ಗೋಡೆಗೆ ಅಂಟುತ್ತದೆ. ಬೇರೆ ಕಣಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬೆರಳು ಚುಚ್ಚಿದರೆ ಸಿಗುವುದು ಎಳೆಯವು. ಬಲಿತವು ಮಿದುಳಿನಲ್ಲಿ ಅಡಗಿರುತ್ತವೆ.

ಮಲೇರಿಯಾದ ಇಂಜೆಕ್ಷನ್ ಆರ್ಟೆಸುನೇಟ್ ಶುರು ಮಾಡಿದೆವು. ಕಿಲೋಗೆ 2.4 ಮಿ.ಗ್ರಾಂ. ಅವನ ತೂಕ 50 ಕಿಲೋ, ಅಂದರೆ 60 ಮಿ.ಗ್ರಾಂನ ಎರಡು ವೈಯಲ್. ಮೊದಲ ಡೋಸ್ ಆಗಲೇ, ಮತ್ತೆ 12 ಮತ್ತು 24ನೇ ಗಂಟೆಗೆ, ಆಮೇಲೆ ದಿನಕ್ಕೊಂದು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೋನೇಷ್ಯಾದ ರೋಗಿಗಳಿದ್ದರು. ಕ್ವಿನೈನ್ ಪಡೆದ ನೂರು ಜನರಲ್ಲಿ 22 ಮಂದಿ ಸತ್ತಿದ್ದರು, ಆರ್ಟೆಸುನೇಟ್ ಪಡೆದವರಲ್ಲಿ 15. ಆ ಏಳು ಜೀವಗಳ ಲೆಕ್ಕ ಓದಿದ ಮೇಲೆ ನಾನು ಕ್ವಿನೈನಿಗೆ ಹಿಂತಿರುಗಲಿಲ್ಲ.

"ಮಿದುಳಿನ ಊತಕ್ಕೆ ಏನೂ ಕೊಡಲ್ವಾ?" ಎಂದು ಅವನ ಮೇಸ್ತ್ರಿ ಕೇಳಿದ. ಒಳ್ಳೆಯ ಪ್ರಶ್ನೆಯೇ. ಆದರೆ ಥಾಯ್ಲೆಂಡಿನಲ್ಲಿ ಸ್ಟಿರಾಯ್ಡ್ ಕೊಟ್ಟು ನೋಡಿ 1982ರಲ್ಲಿ ವರದಿ ಮಾಡಿದಾಗ ಕೋಮಾ ಇನ್ನೂ ಉದ್ದವಾಗಿತ್ತು. ಒಡಿಶಾದ ರೂರ್ಕೆಲಾದಲ್ಲಿ ಊತ ಇಳಿಸುವ ಮ್ಯಾನಿಟಾಲ್ ಕೊಟ್ಟಾಗಲೂ ಅದೇ ಕಥೆ. ಕೊಡದೆ ಇರುವುದೂ ಚಿಕಿತ್ಸೆಯೇ ಎಂದು ಮನೆಯವರಿಗೆ ಒಪ್ಪಿಸುವುದು ಕಷ್ಟ. ಡ್ರಿಪ್ಪನ್ನೂ ಅಳೆದೇ ಕೊಡಬೇಕು, ಹೆಚ್ಚಾದರೆ ದೊಡ್ಡವರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ.

ರಾತ್ರಿ ಎರಡರ ಹೊತ್ತಿಗೆ ಸಿಸ್ಟರ್ ಕರೆದರು. ಕೈಕಾಲು ಸುಮ್ನೆ ಬಿದ್ದಿದ್ದವು. ಆದರೆ ಬಾಯಿಯ ಎಡ ತುದಿ ಹಾರುತ್ತಿತ್ತು, ಹೆಬ್ಬೆರಳು ಒಂದೇ ಲಯದಲ್ಲಿ ಮಿಡಿಯುತ್ತಿತ್ತು. ಅದೂ ಫಿಟ್ಸ್. ದೂರದಿಂದ ನೋಡಿದರೆ ನಿದ್ದೆ ಅನ್ನಬೇಕು. ಲೋರಾಜೆಪಾಮ್ ಕೊಟ್ಟು, ಪಕ್ಕಕ್ಕೆ ಮಲಗಿಸಿ, ಮತ್ತೆ ಶುಗರ್ ನೋಡಿದೆವು. ಅವತ್ತು ಅವನನ್ನು ಉಳಿಸಿದ್ದು ಆ ಸಿಸ್ಟರ್ ಕಣ್ಣು.

ಮೂರನೇ ದಿನ ಹೆಂಡತಿಯ ಹೆಸರು ಹೇಳಿದ. ನುಂಗಲು ಬಂದ ಮೇಲೆ ಮೂರು ದಿನದ ಮಾತ್ರೆ ಕೊಟ್ಟು ಮನೆಗೆ ಕಳಿಸಿದೆವು.

ಮೊದಲಾಗಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಈಗ ಹಾಗಲ್ಲ. ಒಂದು ತಿಂಗಳೊಳಗೆ ತಪ್ಪದೆ ಬರಬೇಕು ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಗುಣವಾಗಿ ಎರಡು ತಿಂಗಳೊಳಗೆ ಕೆಲವರಿಗೆ ಗೊಂದಲ, ಭ್ರಮೆ, ಫಿಟ್ಸ್ ಬರುವುದುಂಟು. ಆಗ ರಕ್ತದಲ್ಲಿ ಮಲೇರಿಯಾ ಇರುವುದಿಲ್ಲ. ಮಕ್ಕಳಲ್ಲಂತೂ ಮಾತು, ಕಲಿಕೆ, ನಡವಳಿಕೆ ಹಿಂದೆ ಬಿದ್ದದ್ದು ಶಾಲೆಗೆ ಹೋದ ಮೇಲೇ ಗೊತ್ತಾಗಬಹುದು.

ಅವನು ಜ್ವರ ಶುರುವಾದ ನಾಲ್ಕನೇ ವಾರಕ್ಕೇ ಬಂದ. ಗೋಡೆ ಹಿಡಿದುಕೊಂಡು, ಕಾಲು ಅಗಲಿಸಿ ನಡೆಯುತ್ತಿದ್ದ. ಮಾತು ತುಂಡು ತುಂಡು. ಜನ ಮತ್ತೆ ಕುಡಿದಿದ್ದಾನೆ ಅಂದರಂತೆ. ಹೇಳುವಾಗ ಅವನ ಕಣ್ಣು ತುಂಬಿತು. ಲೇಪದಲ್ಲಿ ಏನೂ ಇಲ್ಲ, ಬುದ್ಧಿ ಚುರುಕಾಗಿದೆ, ತೂಗಾಡುವುದು ಮಾತ್ರ. ಇದು ತಡವಾಗಿ ಬರುವ, ಸಮತೋಲ ಕಾಯುವ ಕಿರುಮಿದುಳಿನ ತೊಂದರೆ. ಶ್ರೀಲಂಕಾದ ವೈದ್ಯರು ಇಂಥ ರೋಗಿಗಳ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಅವನಿಗೂ ಆಕೆಗೂ ಇದನ್ನು ಎರಡೆರಡು ಸಲ ಹೇಳಿದೆ.

ಒಪಿಡಿ ಮುಂದಿನ ಟೈಲ್ಸಿನ ಗೆರೆ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನಡೆಸಿದೆ. ಮೊದಲ ಸಲ ಎರಡು ಟೈಲ್ ದಾಟುವಷ್ಟರಲ್ಲಿ ವಾಲಿದ. ಎರಡು ವಾರ ಬಿಟ್ಟು ಐದು. ಒಂಬತ್ತನೇ ವಾರ ಮೆಟ್ಟಿಲಿನ ತನಕ ಹೋಗಿ ತಿರುಗಿ ನಿಂತ. ಆಕೆ ಪಕ್ಕದಲ್ಲೇ ಕೈ ಚಾಚಿಕೊಂಡು ಬರುತ್ತಿದ್ದಳು, ಹಿಡಿಯಲಿಲ್ಲ. ಇನ್ನೊಂದು ತಿಂಗಳು ಸಾರವೆ ಹತ್ತಿಸಬೇಡಿ, ಕೆಳಗಿನ ಕೆಲಸವನ್ನೇ ಕೊಡಿ ಎಂದು ಮೇಸ್ತ್ರಿಗೆ ಚೀಟಿ ಬರೆದುಕೊಟ್ಟೆ.